ಕಲ್ಚರ್‌ನಲ್ಲಿ ಏನೂ ಇಲ್ಲ, ಉರಿ ಮಾತ್ರ ಹೋಗಿಲ್ಲ

ವರ್ಷಕ್ಕೆ ಮೂರ್ನಾಲ್ಕು ಸಲ ಯೂರಿನ್ ಇನ್ಫೆಕ್ಷನ್ ಆಗುತ್ತದೆ ಎನ್ನುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದರಲ್ಲಿ ಎಷ್ಟು ಸಲ ಮೂತ್ರದ ಕಲ್ಚರ್ ಮಾಡಿಸಿದ್ದೀರಿ? ಬಹಳ ಮಂದಿಯ ಉತ್ತರ ‘ಒಂದು ಸಲ’ ಅಥವಾ ‘ಒಂದೂ ಇಲ್ಲ’. ಹಾಗಿದ್ದರೆ ಅವರಿಗೆ ಆಗಿದ್ದು ಮೂತ್ರಕೋಶದ ಸೋಂಕೇ ಎಂದು ಹೇಳುವವರು ಯಾರು? ಉರಿ ಬಂತು, ಪದೇಪದೇ ಹೋಗಬೇಕೆನಿಸಿತು, ಮಾತ್ರೆ ನುಂಗಿದರು, ನಾಲ್ಕು ದಿನಕ್ಕೆ ಕಡಿಮೆಯಾಯಿತು, ಎರಡು ತಿಂಗಳಿಗೆ ಮತ್ತೆ ಬಂತು. ಇಷ್ಟರ ಆಧಾರದ ಮೇಲೆ ನಿಂತ ಹೆಸರು ಅದು.

ಬೆಂಗಳೂರಿನ ಆರ್‌ಪಿಸಿ ಲೇಔಟ್‌ನಂಥ ಬಡಾವಣೆಯಲ್ಲಿ ಹೀಗಾಗುವುದಕ್ಕೆ ಕಾರಣವೂ ಇದೆ. ಹಂಪಿನಗರದಿಂದ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಕಡೆಗೆ ನಡೆದರೆ ಮೆಡಿಕಲ್ ಶಾಪು, ಲ್ಯಾಬಿನ ಕಲೆಕ್ಷನ್ ಸೆಂಟರು, ಸಂಜೆ ತೆರೆಯುವ ಕ್ಲಿನಿಕ್ಕು ಎಲ್ಲವೂ ನಡಿಗೆಯ ದೂರದಲ್ಲೇ ಸಿಗುತ್ತವೆ. ಮೂರರಲ್ಲಿ ಮುಜುಗರ ಕಡಿಮೆ ಇರುವುದು ಮೆಡಿಕಲ್ ಶಾಪಿನಲ್ಲಿ. “ಅಣ್ಣಾ, ಹೋದ್ಸಲ ಉರಿಮೂತ್ರಕ್ಕೆ ಕೊಟ್ಟಿದ್ರಲ್ಲ, ಅದೇ ಕೊಡಿ” ಎಂದರೆ ಸಾಕು, ಕೆಲಸ ಮುಗಿಯಿತು. ನಾರ್‌ಫ್ಲಾಕ್ಸಸಿನ್ನೋ ಸಿಪ್ರೊಫ್ಲಾಕ್ಸಸಿನ್ನೋ ಸೆಫಿಕ್ಸೀಮೋ ಕೈಗೆ ಬರುತ್ತದೆ. ಸೆಫಿಕ್ಸೀಮ್ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಎಚ್1’ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕಾನೂನು ಅಂಗಡಿಯವರಿಗೆ ಇರುವುದು ನಿಜ. ಆದರೆ ಚೀಟಿ ಇಲ್ಲದೆ ಕೇಳುವವರು ನಾವೇ.

ಮೊದಲು ನಿಜವಾದ ಮೂತ್ರಕೋಶದ ಸೋಂಕಿನ ವಿಷಯ. ನಮ್ಮದೇ ಕರುಳಿನಲ್ಲಿ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯ ಗುದದ್ವಾರದ ಬಳಿಯಿಂದ ಮೂತ್ರದ್ವಾರಕ್ಕೆ ಬಂದು, ಅಲ್ಲಿಂದ ಒಳಕ್ಕೆ ಏರಿ ಮೂತ್ರಕೋಶ ಸೇರುತ್ತದೆ. ಹೆಂಗಸರಲ್ಲಿ ಈ ದಾರಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಈ ಅಂತರವೇ ಹೆಂಗಸರಿಗೆ ಸೋಂಕು ಹೆಚ್ಚಾಗುವುದರ ಮುಖ್ಯ ಕಾರಣ. ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಆಗುತ್ತದೆ, ಅವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮತ್ತೆ ಬರುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಆ ಹೆಸರನ್ನು ಕೊಡುವ ಮೊದಲು ಕಲ್ಚರ್ ವರದಿ ಕೈಯಲ್ಲಿರಬೇಕು, ಪ್ರತಿ ಸಲವೂ ಮಾತ್ರೆಗೆ ಮುಂಚೆ ಮೂತ್ರವನ್ನು ಕಲ್ಚರ್‌ಗೆ ಕಳಿಸಬೇಕು ಎನ್ನುತ್ತದೆ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಮೊದಲು ಮಾತ್ರೆ, ವಾಸಿಯಾಗದಿದ್ದರೆ ಟೆಸ್ಟು. ಅಷ್ಟರಲ್ಲಿ ಮಾತ್ರೆಯ ಪ್ರಭಾವದಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದಂತಾಗಿ, ಇದ್ದ ಸುಳಿವೂ ಅಳಿಸಿಹೋಗಿರುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಸಂಭೋಗದ ನಂತರ ಮೂತ್ರಕೋಶದ ಸೋಂಕು ಬರುವುದು ಬಹಳ ಸಾಮಾನ್ಯ. ಮದುವೆಯಾದ ಹೊಸತರಲ್ಲಿ ಹುಡುಗಿಯರಿಗೆ ಉರಿಮೂತ್ರ ಬರುವುದು ಅಜ್ಜಿಯಂದಿರಿಗೂ ಗೊತ್ತಿತ್ತು, ಅವರು ಅದನ್ನು ಉಷ್ಣ ಎಂದು ಬಾರ್ಲಿ ನೀರು ಕುಡಿಸುತ್ತಿದ್ದರು. ಆಗ ಒಳಗೆ ಸೇರುವುದು ಆಕೆಯದೇ ಕರುಳಿನ ಬ್ಯಾಕ್ಟೀರಿಯ. ಗಂಡನಿಂದ ಬಂದ ರೋಗವಲ್ಲ, ಗಂಡನಿಗೆ ಅದು ಹರಡುವುದೂ ಇಲ್ಲ. ಸಂಭೋಗದಿಂದ ಶುರುವಾಗುವ ಸೋಂಕು ಬೇರೆ, ಸಂಭೋಗದ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುವ ಸೋಂಕು ಬೇರೆ. ಪ್ರತಿ ಸಲವೂ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆದು, ಅದಕ್ಕೆ ತಕ್ಕ ಔಷಧ ತೆಗೆದುಕೊಂಡಾಗ ಎರಡು ಮೂರು ದಿನದಲ್ಲಿ ಪೂರ್ತಿ ಗುಣವಾಗುತ್ತಿದ್ದರೆ, ಬೇರೆ ಲಕ್ಷಣಗಳೂ ಇಲ್ಲದಿದ್ದರೆ, ಲೈಂಗಿಕ ಸೋಂಕನ್ನು ಹುಡುಕುತ್ತ ಹೋಗುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಕಲ್ಲು ಇದೆಯೇ, ಮೂತ್ರ ಪೂರ್ತಿ ಖಾಲಿಯಾಗುತ್ತಿದೆಯೇ ಎಂದು ನೋಡಬೇಕು.

ಇನ್ನು ಅದೇ ಉರಿಯ ಇನ್ನೊಂದು ಮೂಲ. ಮೂತ್ರಕೋಶದಲ್ಲಿ ಏನೂ ಇಲ್ಲದೆ, ಬರೀ ಮೂತ್ರನಾಳ ಉರಿಗೊಂಡರೂ ಉಚ್ಚೆ ಹೊಯ್ಯುವಾಗ ಅಷ್ಟೇ ಉರಿಯುತ್ತದೆ. ಕ್ಲಮೀಡಿಯಾ, ಗೊನೊರಿಯಾ, ಟ್ರೈಕೊಮೊನಾಸ್, ಮೈಕೊಪ್ಲಾಸ್ಮಾ ಜೆನಿಟೇಲಿಯಂ ಹೀಗೆ ಮಾಡುವಂಥವು. ಹರ್ಪಿಸ್‌ನಲ್ಲಿ ಜನನಾಂಗದ ಸಣ್ಣ ಹುಣ್ಣಿನ ಮೇಲೆ ಮೂತ್ರ ತಾಗಿ ಉರಿಯುತ್ತದೆ. ಆ ಉರಿ ಒಳಗಿನದ್ದಲ್ಲ, ಹೊರಗಿನದ್ದು. ಗಮನವಿಟ್ಟು ಕೇಳಿದರೆ ಬಹಳ ಹೆಂಗಸರು ಈ ವ್ಯತ್ಯಾಸವನ್ನು ತಾವಾಗಿಯೇ ಹೇಳಬಲ್ಲರು. ಕೇಳುವವರು ಬೇಕು, ಅಷ್ಟೆ.

ಇದು ಹೊಸ ವಿಚಾರವೇನೂ ಅಲ್ಲ. 1980ರಲ್ಲಿ ಅಮೆರಿಕದ ಸಿಯಾಟಲ್‌ನ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ಉರಿಮೂತ್ರವಿದ್ದೂ ಆಗಿನ ಲೆಕ್ಕದಲ್ಲಿ ಕಲ್ಚರ್ ‘ನೆಗೆಟಿವ್’ ಎನಿಸಿದ್ದ 59 ಹೆಂಗಸರನ್ನು ಪರೀಕ್ಷಿಸಿದರು. ಅವರ ಪೈಕಿ 16 ಮಂದಿಯ ಮೂತ್ರಕೋಶದಲ್ಲಿ ಯಾವ ಬ್ಯಾಕ್ಟೀರಿಯವೂ ಇರಲಿಲ್ಲ, ಆದರೆ ಮೂತ್ರದಲ್ಲಿ ಕೀವುಕಣಗಳಿದ್ದವು. ಆ 16ರಲ್ಲಿ 10 ಮಂದಿಗೆ ಇದ್ದದ್ದು ಕ್ಲಮೀಡಿಯಾ. ಮೂವತ್ತೈದು ವರ್ಷ ಕಳೆದ ಮೇಲೆ, 2015ರಲ್ಲಿ, ಅದೇ ದೇಶದ ಕ್ಲೀವ್‌ಲ್ಯಾಂಡ್‌ನ ವೈದ್ಯರು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 264 ಹೆಂಗಸರ ವಿವರ ಪ್ರಕಟಿಸಿದರು. ಯೂರಿನ್ ಇನ್ಫೆಕ್ಷನ್ ಎಂದು ಹೇಳಿ ಕಳಿಸಿದ್ದ 175 ಮಂದಿಯಲ್ಲಿ ಕಲ್ಚರ್‌ನಲ್ಲಿ ನಿಜಕ್ಕೂ ಸೋಂಕು ಕಂಡದ್ದು 84 ಮಂದಿಗೆ, ಅಂದರೆ ಅರ್ಧಕ್ಕಿಂತ ಕಡಿಮೆ. ಒಟ್ಟು 60 ಮಂದಿಗೆ ಲೈಂಗಿಕ ಸೋಂಕು ಇತ್ತು. ಅವರಲ್ಲಿ 22 ಮಂದಿಗೆ ಒಂದು ವಾರದೊಳಗೆ ಅದರ ಚಿಕಿತ್ಸೆ ಸಿಗಲೇ ಇಲ್ಲ, ಆ 22ರಲ್ಲಿ 14 ಮಂದಿಗೆ ಕೊಟ್ಟ ಹೆಸರು ಯೂರಿನ್ ಇನ್ಫೆಕ್ಷನ್. ಎಲ್ಲ ಸೌಲಭ್ಯವಿದ್ದ ಆಸ್ಪತ್ರೆಯಲ್ಲಿಯೇ ಹೀಗಾಗಿದೆ.

ನಮ್ಮ ರಾಜ್ಯದ ಕಥೆ ಇನ್ನೂ ಹತ್ತಿರದಲ್ಲಿದೆ. 2005ರ ಅಕ್ಟೋಬರ್‌ನಿಂದ 2006ರ ಡಿಸೆಂಬರ್‌ವರೆಗೆ ಮೈಸೂರಿನ ಎರಡು ಕ್ಲಿನಿಕ್‌ಗಳಲ್ಲಿ ಪೂರ್ಣಿಮಾ ಮಧಿವಾಣನ್ ಮತ್ತು ಸಂಗಡಿಗರು 15ರಿಂದ 30 ವರ್ಷದೊಳಗಿನ 898 ಹೆಂಗಸರನ್ನು ಪರೀಕ್ಷಿಸಿದರು. 391 ಮಂದಿಗೆ, ಅಂದರೆ ನೂರಕ್ಕೆ 43ಕ್ಕೂ ಹೆಚ್ಚು ಜನರಿಗೆ, ಲೈಂಗಿಕ ಸಂಪರ್ಕದಿಂದ ಬಾರದ, ಯೋನಿಯ ಸಹಜ ಸೂಕ್ಷ್ಮಜೀವಿಗಳ ಏರುಪೇರಿನಿಂದ ಆಗುವ ಸೋಂಕು ಇತ್ತು. 157 ಮಂದಿಗೆ, ಅಂದರೆ ನೂರಕ್ಕೆ 17ಕ್ಕೂ ಹೆಚ್ಚು ಜನರಿಗೆ, ಲೈಂಗಿಕ ಸೋಂಕು ಇತ್ತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದ ಒಂದು ಸಣ್ಣ ಸಾಲು ನನಗೆ ಎಲ್ಲ ಅಂಕಿಗಳಿಗಿಂತ ಮುಖ್ಯವಾಗಿ ಕಾಣುತ್ತದೆ. ಅವರು ಹುಡುಕುತ್ತಿದ್ದ ಒಂದು ಸೋಂಕಿಗೂ ವೈದ್ಯರು ಕಣ್ಣಾರೆ ಕಂಡ ಸ್ರಾವಕ್ಕೂ ಸಂಬಂಧ ಸಿಕ್ಕಿತು. ಆದರೆ ಹೆಂಗಸರು ತಾವಾಗಿ ಹೇಳಿದ ಬಿಳುಪಿಗೂ ಅದಕ್ಕೂ ಸಂಬಂಧ ಸಿಗಲಿಲ್ಲ. ಹೆಂಗಸರು ಸುಳ್ಳು ಹೇಳಿದರೆಂದಲ್ಲ. ಕೆಲವರಿಗೆ ಇದ್ದದ್ದು ಸಹಜವೆನಿಸಿರುತ್ತದೆ, ಕೆಲವರಿಗೆ ಸಹಜವಾದದ್ದೇ ರೋಗವೆನಿಸಿರುತ್ತದೆ. ಬರೀ ಲಕ್ಷಣ ಕೇಳಿ ಔಷಧ ಬರೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಅದಕ್ಕೂ ಹತ್ತು ವರ್ಷ ಮುಂಚೆ, 1995ರಲ್ಲಿ, ಜೆ.ಸಿ. ಭಾಟಿಯಾ ಮತ್ತು ಜಾನ್ ಕ್ಲೀಲ್ಯಾಂಡ್ ಕರ್ನಾಟಕದ 3,600 ತಾಯಂದಿರನ್ನು ಮಾತನಾಡಿಸಿ ಬರೆದಾಗ, ಸುಮಾರು ಮೂರನೇ ಒಂದು ಭಾಗದ ಹೆಂಗಸರು ಆ ಹೊತ್ತಿಗೆ ತಮಗೆ ಇಂಥದೊಂದು ತೊಂದರೆ ಇದೆ ಎಂದಿದ್ದರು. ಬಿಳುಪು, ಕೆಳಹೊಟ್ಟೆ ನೋವು, ಮುಟ್ಟಿನ ತೊಂದರೆ, ಸುಸ್ತು. ಅಂದರೆ ಕಾಯಿಲೆಯೂ ಹಳೆಯದು, ಹೊತ್ತು ತಿರುಗುವುದೂ ಹಳೆಯದು.

ಈಗ ಲ್ಯಾಬಿನ ಚೀಟಿಗೆ ಬರೋಣ. ಆರ್‌ಪಿಸಿ ಲೇಔಟ್‌ನ ಯಾವ ಲ್ಯಾಬಿಗೆ ಹೋದರೂ ‘ಯೂರಿನ್ ರೊಟೀನ್’ ಎಂಬ ಟೆಸ್ಟ್ ಸಿಗುತ್ತದೆ. ಅದರಲ್ಲಿ ಪಸ್ ಸೆಲ್ಸ್ (ಕೀವುಕಣ) ಎಂಬ ಸಾಲು ಇರುತ್ತದೆ. ಅದು ಹೆಚ್ಚಿದ್ದರೆ ‘ಇನ್ಫೆಕ್ಷನ್ ಇದೆ’ ಎಂದು ನಾವೇ ತೀರ್ಮಾನಿಸುತ್ತೇವೆ. ಪಸ್ ಸೆಲ್ಸ್ ಹೇಳುವುದು ಉರಿಯೂತ ಇದೆ ಎಂದಷ್ಟೇ. ಎಲ್ಲಿ, ಯಾವುದರಿಂದ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಕಲ್ಚರ್. ಆದರೆ ಕಲ್ಚರ್‌ಗೂ ಮಿತಿಯಿದೆ. ಕ್ಲಮೀಡಿಯಾ ಜೀವಕೋಶದ ಒಳಗೆ ಮಾತ್ರ ಬದುಕುವಂಥದು, ಲ್ಯಾಬಿನ ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಗೊನೊರಿಯಾ ಬೆಳೆಯಬೇಕಾದರೆ ಬೇರೆಯೇ ಪೋಷಕ ಮಾಧ್ಯಮ ಬೇಕು. ಟ್ರೈಕೊಮೊನಾಸ್ ಬ್ಯಾಕ್ಟೀರಿಯವೇ ಅಲ್ಲ, ಪರಾವಲಂಬಿ ಏಕಕೋಶ ಜೀವಿ. ಆದ್ದರಿಂದ ಕಲ್ಚರ್ ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಎಂದಿದ್ದರೆ ಮಾಮೂಲಿ ಬ್ಯಾಕ್ಟೀರಿಯ ಇಲ್ಲ ಎಂದರ್ಥ, ರೋಗವಿಲ್ಲ ಎಂದಲ್ಲ. ಪಸ್ ಸೆಲ್ಸ್ ಹೆಚ್ಚಿವೆ, ಕಲ್ಚರ್ ಖಾಲಿ, ಉರಿ ಹಾಗೇ ಇದೆ: ಲೈಂಗಿಕ ಸೋಂಕಿನ ಪರೀಕ್ಷೆ ಕೇಳಲು ಇದಕ್ಕಿಂತ ಸ್ಪಷ್ಟವಾದ ಕಾರಣ ಇನ್ನೊಂದಿಲ್ಲ.

ನಮ್ಮ ದೇಶದಲ್ಲಿ ಇದೇ ಚಿತ್ರಕ್ಕೆ ಇನ್ನೊಂದು ಕಾರಣವನ್ನೂ ಮರೆಯಬಾರದು, ಅದು ಕ್ಷಯ. ಮೂತ್ರಪಿಂಡ, ಮೂತ್ರಕೋಶದ ಟಿಬಿಯಲ್ಲೂ ಮೂತ್ರದ ತುಂಬ ಪಸ್ ಸೆಲ್ಸ್ ಇದ್ದು ಕಲ್ಚರ್ ಖಾಲಿ ಬರುತ್ತದೆ. ಲೈಂಗಿಕ ಸೋಂಕಿನ ಪರೀಕ್ಷೆಗಳೂ ನೆಗೆಟಿವ್ ಆಗಿ, ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರಿಗೆ ಟಿಬಿಯನ್ನು ನೆನಪಿಸಲು ಸಂಕೋಚಪಡಬೇಡಿ. ಅದಕ್ಕೆ ಬೇರೆಯದೇ ಪರೀಕ್ಷೆ.

ಕಲ್ಚರ್ ಒಂದೇ ಸುಳಿವಲ್ಲ. ಉರಿಮೂತ್ರದ ಜೊತೆಗೆ ವಾಸನೆಯ ಅಥವಾ ಹಳದಿ-ಹಸಿರು ಸ್ರಾವ, ಕೆಳಹೊಟ್ಟೆಯಲ್ಲಿ ನೋವು, ಸಂಭೋಗದ ವೇಳೆ ನೋವು ಅಥವಾ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಹುಣ್ಣು ಅಥವಾ ನೀರುಗುಳ್ಳೆ ಇದ್ದರೆ ಮೂತ್ರಕೋಶವೊಂದರ ಕಥೆ ಎಂದು ಬಿಡುವಂತಿಲ್ಲ. ಕಳೆದ ಕೆಲವು ತಿಂಗಳಲ್ಲಿ ಸಂಗಾತಿ ಬದಲಾಗಿದ್ದರೆ, ಸಂಗಾತಿಗೆ ಉರಿಯೋ ಸ್ರಾವವೋ ಇದ್ದರೆ, ಅಥವಾ ಸಂಗಾತಿಗೆ ಇನ್ನೊಬ್ಬರ ಜೊತೆ ಸಂಬಂಧ ಇರಬಹುದು ಎನಿಸಿದ್ದರೆ ಪರೀಕ್ಷೆ ಮಾಡಿಸಬೇಕು. ಕಲ್ಚರ್‌ಗೆ ಹೊಂದುವ ಸರಿಯಾದ ಔಷಧವನ್ನು ಪೂರ್ತಿ ಮುಗಿಸಿದರೂ ಉರಿ ಹೋಗದಿದ್ದರೂ ಮಾಡಿಸಬೇಕು. ಲೈಂಗಿಕವಾಗಿ ಸಕ್ರಿಯರಾದ, ಇಪ್ಪತ್ತೈದರೊಳಗಿನ ಹೆಣ್ಣುಮಕ್ಕಳಲ್ಲಿ ವೈದ್ಯರು ಇನ್ನೂ ಬೇಗ ಯೋಚಿಸಬೇಕು, ಕ್ಲಮೀಡಿಯಾ ಅವರಲ್ಲಿ ಹೆಚ್ಚು. ಗರ್ಭಿಣಿಯರ ವಿಷಯದಲ್ಲಿ ಎರಡು ಬಗೆಯ ಸೋಂಕನ್ನೂ ತಡಮಾಡದೆ ನೋಡಬೇಕು.

ಗಂಡಸರ ಲೆಕ್ಕ ಬೇರೆ. ಇಪ್ಪತ್ತು ಸೆಂಟಿಮೀಟರ್ ದಾರಿ ಇರುವವರಿಗೆ ಮೂತ್ರಕೋಶದ ಸೋಂಕು ಸುಲಭವಾಗಿ ಆಗುವುದಿಲ್ಲ. ಮೂವತ್ತೈದರೊಳಗಿನ ಗಂಡಸಿಗೆ ಉರಿಮೂತ್ರ ಬಂದರೆ, ಅದರಲ್ಲೂ ಬೆಳಿಗ್ಗೆ ಎದ್ದಾಗ ತುದಿಯಲ್ಲಿ ಹನಿ ಸ್ರಾವ ಕಂಡರೆ, ಮೊದಲು ನೋಡಬೇಕಾದದ್ದೇ ಲೈಂಗಿಕ ಸೋಂಕನ್ನು. ವೃಷಣದಲ್ಲಿ ನೋವು, ಊತ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯೇ ಹೆಚ್ಚು. ಆದರೆ ವಯಸ್ಸಾಯಿತೆಂದು ಲೈಂಗಿಕ ಸೋಂಕು ಬಿಟ್ಟುಬಿಡುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಡವಟ್ಟು ಹೆಚ್ಚಾಗುವುದು ಇಲ್ಲಿ. ಕಲ್ಚರ್‌ಗೆ ಬೇಕಾದದ್ದು ನಡುಧಾರೆಯ ಮೂತ್ರ. ಮೊದಲ ಸ್ವಲ್ಪವನ್ನು ಬಿಟ್ಟು, ನಡುವಿನದನ್ನು ಬಾಟಲಿಗೆ ಹಿಡಿಯಬೇಕು. ಕ್ಲಮೀಡಿಯಾ, ಗೊನೊರಿಯಾದ ಪರೀಕ್ಷೆಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ: ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗದೆ ಇದ್ದು, ಹೊರಬರುವ ಮೊದಲ 20-30 ಮಿಲಿಲೀಟರ್. ಆ ಮೊದಲ ಧಾರೆಯೇ ಮೂತ್ರನಾಳದ ಗೋಡೆಯಲ್ಲಿದ್ದುದನ್ನು ತೊಳೆದು ತರುವುದು. ಒಂದೇ ಬಾಟಲಿಯನ್ನು ಎರಡಕ್ಕೂ ಕೊಟ್ಟರೆ ಒಂದು ವರದಿ ದಾರಿ ತಪ್ಪಿಸುತ್ತದೆ. ಹೆಂಗಸರಲ್ಲಿ ಮೂತ್ರಕ್ಕಿಂತ ಯೋನಿಯ ಸ್ವಾಬ್ ಹೆಚ್ಚು ನಂಬಿಕೆಗೆ ಅರ್ಹ, ಅದನ್ನು ಶೌಚಾಲಯದಲ್ಲಿ ತಾವೇ ತೆಗೆದುಕೊಡಬಹುದು. ಈ ಪರೀಕ್ಷೆ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಪಿಸಿಆರ್ ಬಗೆಯದು, ಜೀವಾಣುವಿನ ವಂಶವಾಹಿಯನ್ನೇ ಹುಡುಕುತ್ತದೆ. ಸಂಪರ್ಕವಾದ ಮರುದಿನವೇ ಮಾಡಿಸಿದರೆ ಸಿಗದೇ ಹೋಗಬಹುದು, ಒಂದೆರಡು ವಾರ ಬೇಕು. ಇದರ ಜೊತೆಗೆ ಸಿಫಿಲಿಸ್ ಮತ್ತು ಎಚ್ಐವಿಗೆ ರಕ್ತ ಕೊಡುವುದು ಸರಿಯಾದ ಕ್ರಮ. ಅವು ಉರಿಮೂತ್ರ ತರುವುದಿಲ್ಲ, ಆದರೆ ಬರುವ ದಾರಿ ಒಂದೇ.

ಔಷಧದಲ್ಲೂ ಇಷ್ಟೇ ವ್ಯತ್ಯಾಸ. ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧವಾದ ನೈಟ್ರೊಫ್ಯುರಾಂಟೊಯಿನ್ ಮೂತ್ರದಲ್ಲಿ ಮಾತ್ರ ಸಾಕಷ್ಟು ಪ್ರಮಾಣದಲ್ಲಿ ಸೇರುತ್ತದೆ, ಗರ್ಭಕಂಠದಲ್ಲಿ ಕುಳಿತ ಕ್ಲಮೀಡಿಯಾವನ್ನು ಅದು ಏನೂ ಮಾಡದು. ಕ್ಲಮೀಡಿಯಾಕ್ಕೆ ಈಗ ಮೊದಲ ಆಯ್ಕೆ ಏಳು ದಿನದ ಡಾಕ್ಸಿಸೈಕ್ಲಿನ್ (ಗರ್ಭಿಣಿಯರಿಗೆ ಅಲ್ಲ), ಟ್ರೈಕೊಮೊನಾಸ್‌ಗೆ ಮೆಟ್ರೊನಿಡಜೋಲ್, ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಇವುಗಳ ಹೆಸರು ಬರೆದದ್ದು ಅಂಗಡಿಯಲ್ಲಿ ಕೇಳಲಿ ಎಂದಲ್ಲ. ನಾಲ್ಕು ಸಲ ನುಂಗಿದ ನಾರ್‌ಫ್ಲಾಕ್ಸಸಿನ್ ಇವುಗಳಲ್ಲಿ ಯಾವುದರ ಕೆಲಸವನ್ನೂ ಮಾಡುತ್ತಿರಲಿಲ್ಲ ಎಂದು ತಿಳಿಯಲಿ ಎಂದು. ಮೇಲಾಗಿ ಆ ನಾಲ್ಕು ಸುತ್ತಿನಲ್ಲಿ ನಮ್ಮ ಕರುಳಿನ ಇ. ಕೋಲಿ ಔಷಧಕ್ಕೆ ಬಗ್ಗದಂತಾಗಿರುತ್ತದೆ, ಮುಂದೆ ನಿಜವಾದ ಮೂತ್ರಪಿಂಡದ ಸೋಂಕು ಬಂದಾಗ ಮಾತ್ರೆಯಲ್ಲಿ ಮುಗಿಯಬೇಕಾದದ್ದು ಆಸ್ಪತ್ರೆಯ ಡ್ರಿಪ್‌ಗೆ ಹೋಗುತ್ತದೆ. ಇತ್ತ ಕ್ಲಮೀಡಿಯಾ ಸದ್ದಿಲ್ಲದೆ ಮೇಲೇರಿ ಗರ್ಭನಾಳಗಳಲ್ಲಿ ಗಾಯ ಮಾಡಬಹುದು. ಈ ಸೋಂಕು ತಗುಲಿದ ಬಹುಪಾಲು ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ. ಹಾಗಿರುವಾಗ ಉರಿಯೆಂಬ ಒಂದು ಲಕ್ಷಣ ಕಾಣಿಸಿಕೊಂಡು, ಅದನ್ನೂ ನಾವು ತಪ್ಪಾಗಿ ಓದಿ ಕಳೆದುಕೊಂಡರೆ, ಮುಂದೆ ಗೊತ್ತಾಗುವುದು ಮಕ್ಕಳಾಗದೆ ಸ್ಕ್ಯಾನಿಂಗ್‌ಗೆ ಅಲೆಯುವಾಗ.

ಇಷ್ಟು ತಿಳಿದ ಮೇಲೂ ಪರೀಕ್ಷೆ ತಪ್ಪುವುದು ಯಾಕೆ? ನನ್ನ ಮಟ್ಟಿಗೆ ಮೊದಲ ಕಾರಣ ಕ್ಲಿನಿಕ್ಕಿನಲ್ಲಿ ಕೇಳುವ ಒಂದು ಪ್ರಶ್ನೆ: “ಮದುವೆ ಆಗಿದೆಯಾ?” ನಮ್ಮ ವೈದ್ಯರು ಲೈಂಗಿಕ ಸಂಪರ್ಕದ ವಿಷಯ ಕೇಳಲು ಸಂಕೋಚವಾಗಿ ಈ ಪ್ರಶ್ನೆಯ ಹಿಂದೆ ನಿಲ್ಲುತ್ತಾರೆ. ಆಗಿಲ್ಲ ಎಂದರೆ ಲೈಂಗಿಕ ಸೋಂಕಿನ ಯೋಚನೆ ಅಲ್ಲಿಗೆ ಮುಗಿಯಿತು, ಆಗಿದೆ ಎಂದರೂ ‘ಮರ್ಯಾದಸ್ಥರ ಮನೆಯವರು’ ಎಂದು ಮುಗಿಯಿತು. ವಿಜಯನಗರದ ಸುತ್ತಮುತ್ತ ಪಿಜಿಗಳಲ್ಲಿ ಇದ್ದುಕೊಂಡು ಕೆಲಸಕ್ಕೆ ಹೋಗುವ ಹುಡುಗಿ ಈ ಪ್ರಶ್ನೆಗೆ ‘ಇಲ್ಲ’ ಎಂದು ನಿಜವನ್ನೇ ಹೇಳುತ್ತಾಳೆ, ಆದರೆ ವೈದ್ಯರಿಗೆ ಬೇಕಿದ್ದ ಉತ್ತರ ಅದಲ್ಲ. ಅಮ್ಮನ ಜೊತೆ ಬಂದ ಮಗಳು, ಅತ್ತೆಯ ಜೊತೆ ಬಂದ ಸೊಸೆ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೆಂಡತಿ ಇನ್ನೇನು ಹೇಳಲು ಸಾಧ್ಯ? ವೈದ್ಯರು ಎರಡು ನಿಮಿಷ ಉಳಿದವರನ್ನು ಹೊರಗೆ ಕೂರಿಸಿ, “ನೋಡಮ್ಮ, ಉರಿಮೂತ್ರ ಇರುವ ಎಲ್ಲರನ್ನೂ ಇದನ್ನು ಕೇಳ್ತೀನಿ” ಎಂದು ಶುರು ಮಾಡಿದರೆ ಆಗದ ಕೆಲಸವಲ್ಲ. ವೈದ್ಯರು ಕೇಳದಿದ್ದರೆ ನೀವೇ ಹೇಳಬಹುದು: “ಡಾಕ್ಟ್ರೇ, ಒಂದು ನಿಮಿಷ ನಿಮ್ಮ ಹತ್ರ ಒಬ್ಬಳೇ ಮಾತಾಡಬೇಕು.”

ಎರಡನೆಯ ಕಾರಣ ಮನೆಯೊಳಗಿದೆ. ಮದುವೆಯಾದ ಹೆಣ್ಣಿಗೆ ಲೈಂಗಿಕ ಸೋಂಕಿನ ಪರೀಕ್ಷೆ ಬರೆದರೆ ಗಂಡ ಕೇಳುವ ಮೊದಲ ಮಾತು “ಯಾರಿಂದ ಬಂತು?” ಗಂಡನಿಗೆ ಬರೆದರೆ ಹೆಂಡತಿಯದೂ ಅದೇ. ಪರೀಕ್ಷೆಯ ವರದಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಇಲ್ಲ, ಇದನ್ನು ಒತ್ತಿ ಹೇಳಬೇಕು. ಟ್ರೈಕೊಮೊನಾಸ್ ಚಿಕಿತ್ಸೆ ಇಲ್ಲದಿದ್ದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೈಯಲ್ಲಿ ಉಳಿಯಬಲ್ಲದು, ಗಂಡಸರಲ್ಲಿ ಹೆಚ್ಚಾಗಿ ಲಕ್ಷಣವನ್ನೇ ತೋರಿಸದು. ಕ್ಲಮೀಡಿಯಾ ಒಂದು ವರ್ಷಕ್ಕೂ ಮೀರಿ ಇರಬಹುದು. ಹರ್ಪಿಸ್ ಹಲವು ವರ್ಷ ಸುಮ್ಮನಿದ್ದು ಒಂದು ದಿನ ಹುಣ್ಣಾಗಿ ಕಾಣಿಸಬಹುದು. ಪಾಸಿಟಿವ್ ವರದಿ ಇವತ್ತು ಸೋಂಕು ಇದೆ ಎಂದು ಹೇಳುತ್ತದೆ. ಯಾವಾಗ ಬಂತು, ಯಾರಿಗೆ ಮೊದಲು ಬಂತು ಎಂದು ಹೇಳುವುದಿಲ್ಲ. ಮದುವೆಗೆ ಮುಂಚಿನದೂ ಆಗಿರಬಹುದು. ವರದಿಯನ್ನು ಹಿಡಿದು ಹೆಂಡತಿಯ ನಡತೆಯನ್ನು ಅಳೆಯಲು ಹೊರಟವನು ವಿಜ್ಞಾನದ ಹೆಸರಿನಲ್ಲಿ ಅನ್ಯಾಯ ಮಾಡುತ್ತಾನೆ.

ಆದ್ದರಿಂದಲೇ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಒಬ್ಬರು ಮಾತ್ರ ಮಾತ್ರೆ ನುಂಗಿದರೆ ಸೋಂಕು ಷಟಲ್ ಕಾಕ್ ಹಾಗೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ, ನಾವು ಅದನ್ನು ‘ಮತ್ತೆ ಯೂರಿನ್ ಇನ್ಫೆಕ್ಷನ್’ ಎನ್ನುತ್ತಿರುತ್ತೇವೆ. ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸಂಪರ್ಕ ಬೇಡ. ಒಂದೇ ಡೋಸಿನ ಔಷಧವಾದರೆ ಅದಾದ ಮೇಲೆ ಏಳು ದಿನ ಕಾಯಬೇಕು. ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು, ಸೋಂಕು ಮತ್ತೆ ತಗಲುವುದು ಅಷ್ಟು ಸಾಮಾನ್ಯ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಉಳಿಯಿತು. ಮನೆ ಹತ್ತಿರದ ಸ್ತ್ರೀರೋಗ ತಜ್ಞರು, ಮೂತ್ರರೋಗ ತಜ್ಞರು ಸರಿ. ಚರ್ಮರೋಗ ತಜ್ಞರೂ ಸರಿ. ನಮ್ಮ ದೇಶದಲ್ಲಿ ಚರ್ಮ ಮತ್ತು ಗುಹ್ಯರೋಗ ಒಂದೇ ವಿಭಾಗದಲ್ಲಿ ಕಲಿಸುವ ವಿದ್ಯೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದುಡ್ಡಿನ ತೊಂದರೆ ಇದ್ದವರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ‘ಸುರಕ್ಷಾ ಕ್ಲಿನಿಕ್’ ಇರುತ್ತದೆ. ಅಲ್ಲಿ ಚಿಕಿತ್ಸೆಗೆ ದುಡ್ಡಿಲ್ಲ, ಆಪ್ತಸಮಾಲೋಚಕರು ಇರುತ್ತಾರೆ. ಐಸಿಟಿಸಿ ಎಂಬ ಕೇಂದ್ರದಲ್ಲಿ ಎಚ್ಐವಿ ಪರೀಕ್ಷೆ ಉಚಿತ. ಆರ್‌ಪಿಸಿ ಲೇಔಟ್‌ನವರು ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ. ನಮ್ಮ ಏರಿಯಾದಲ್ಲಿ ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ ಇರುವವರಿಗೆ ಈ ದೂರವೇ ಅನುಕೂಲ.

ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ನೋಡಿ ಬಣ್ಣದ ಪೊಟ್ಟಣದಲ್ಲಿ ಔಷಧ ಕೊಡುವ ಪದ್ಧತಿ ಬೆಳೆದುಬಂದಿದೆ. ಮೂತ್ರನಾಳ, ಗರ್ಭಕಂಠದ ಸ್ರಾವಕ್ಕೆ ಬೂದು, ಯೋನಿಸ್ರಾವಕ್ಕೆ ಹಸಿರು, ಕೆಳಹೊಟ್ಟೆ ನೋವಿಗೆ ಹಳದಿ. ದುಬಾರಿ ಲ್ಯಾಬ್ ಇಲ್ಲದ ಕಡೆ ಲಕ್ಷಾಂತರ ಜನರಿಗೆ ಅಂದೇ ಚಿಕಿತ್ಸೆ ಸಿಗಲು ಇದು ಕಾರಣವಾಗಿದೆ, ಅದರ ಬೆಲೆಯನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಸ್ರಾವವಿಲ್ಲದೆ ಬರೀ ಉರಿಯ ದೂರು ತಂದ ಹೆಂಗಸು ಈ ಬಣ್ಣಗಳ ನಡುವಿನಿಂದ ಜಾರಿಹೋಗುವುದು ಸುಲಭ. ಮೈಸೂರಿನ ಅಧ್ಯಯನ ತೋರಿಸಿದ ಹಾಗೆ ಹೇಳಿಕೊಂಡ ಲಕ್ಷಣದ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಬೆಂಗಳೂರಿನಂಥ ನಗರದಲ್ಲಾದರೂ ಕ್ಲಮೀಡಿಯಾ-ಗೊನೊರಿಯಾದ ಪಿಸಿಆರ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಯಷ್ಟೇ ಸಲೀಸಾಗಿ ಸಿಗಬೇಕು. ಕೋವಿಡ್‌ಗಾಗಿ ರಾಜ್ಯದ ತುಂಬ ಪಿಸಿಆರ್ ಲ್ಯಾಬುಗಳನ್ನು ಕಟ್ಟಿದ್ದೇವೆ. ಯಂತ್ರವೂ ಇದೆ, ನಡೆಸಲು ಬಲ್ಲವರೂ ಇದ್ದಾರೆ. ಆರೋಗ್ಯ ಇಲಾಖೆ ಇದನ್ನು ಕೈಗೆತ್ತಿಕೊಳ್ಳಬೇಕು.

ಮುಟ್ಟು ನಿಂತ ಹಿರಿಯ ಹೆಂಗಸರಿಗೆ ಒಂದು ಮಾತು, ಆರ್‌ಪಿಸಿ ಲೇಔಟ್‌ನಂಥ ಹಳೆಯ ಬಡಾವಣೆಯಲ್ಲಿ ಅವರ ಸಂಖ್ಯೆಯೇನೂ ಕಡಿಮೆಯಿಲ್ಲ. ಅವರಲ್ಲಿ ಸೋಂಕು ಮರುಕಳಿಸಲು ದೊಡ್ಡ ಕಾರಣ ಈಸ್ಟ್ರೊಜೆನ್ ಇಳಿದು ಯೋನಿಯ ಒಳಪದರ ತೆಳುವಾಗುವುದು. ಮೇಲೆ ಹೇಳಿದ ಅದೇ ಸ್ಟ್ಯಾಮ್, ಇಸ್ರೇಲಿನ ರೌಲ್ ರಾಜ್ ಜೊತೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ, ಬಳಸದವರಿಗೆ 5.9 ಸಲ ಬಂದಿತ್ತು. ಆ್ಯಂಟಿಬಯೋಟಿಕ್ ಮೇಲೆ ಆ್ಯಂಟಿಬಯೋಟಿಕ್ ನುಂಗುವ ಅಮ್ಮಂದಿರು, ಅಜ್ಜಿಯರು ಈ ಕ್ರೀಮ್ ತಮಗೆ ಹೊಂದುತ್ತದೆಯೇ ಎಂದು ಒಮ್ಮೆ ಸ್ತ್ರೀರೋಗ ತಜ್ಞರನ್ನು ಕೇಳಲಿ.

ಬಾರ್ಲಿ ನೀರನ್ನೂ ಬಿಡಬೇಕಾಗಿಲ್ಲ. ನೀರು ಕಡಿಮೆ ಕುಡಿಯುತ್ತಿದ್ದ, ಮೂತ್ರಕೋಶದ ಸೋಂಕು ಮರುಕಳಿಸುತ್ತಿದ್ದ 140 ಹೆಂಗಸರಲ್ಲಿ ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ, ಉಳಿದ ಅರ್ಧ ಮಂದಿಗೆ 3.2 ಸಲ ಬಂತು. ಕೆಲಸದ ಜಾಗದಲ್ಲಿ ಶೌಚಾಲಯಕ್ಕೆ ಬಿಡುವುದಿಲ್ಲವೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳಿಗೆ ಈ ಅಂಕಿಯನ್ನು ಯಾವ ಮುಖವಿಟ್ಟುಕೊಂಡು ಹೇಳುವುದು? ಅದನ್ನು ಅವರ ಮಾಲೀಕರಿಗೆ ಹೇಳಬೇಕು. ಇನ್ನು ನೀರು, ಎಳನೀರು, ಮಜ್ಜಿಗೆ ಮೂತ್ರಕೋಶಕ್ಕೆ ಒಳ್ಳೆಯವು ನಿಜ, ಕ್ಲಮೀಡಿಯಾವನ್ನಾಗಲಿ ಟ್ರೈಕೊಮೊನಾಸನ್ನಾಗಲಿ ಅವು ಗುಣಪಡಿಸುವುದಿಲ್ಲ.

ಚಳಿಜ್ವರ, ಪಕ್ಕೆ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರು ಮುಂದಿನ ಸಲ ಉರಿ ಬಂದಾಗ ಮಾತ್ರೆಯ ಪಟ್ಟಿ ಬಿಚ್ಚುವ ಮುನ್ನ ಕಲ್ಚರ್‌ಗೆ ಮೂತ್ರ ಕೊಡಿ, ಹಳೆಯ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಿ, ಕಲ್ಚರ್ ಖಾಲಿ ಬಂದರೆ ಲೈಂಗಿಕ ಸೋಂಕಿನ ಪರೀಕ್ಷೆಯನ್ನು ನೀವಾಗಿಯೇ ಕೇಳಿ. ಎಚ್ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಅದರ ಫಲಿತಾಂಶ ಗುಟ್ಟಾಗಿರಬೇಕು ಎಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಾನೂನೇ ಹೇಳುತ್ತದೆ. ಯಾರನ್ನು ಕೇಳುವುದೆಂದು ತೋಚದವರು 1097ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಕೆಲಸ ಮಾಡುವ ಈ ಸರ್ಕಾರಿ ಸಹಾಯವಾಣಿಗೆ ದುಡ್ಡು ಕೊಡಬೇಕಾಗಿಲ್ಲ, ಹೆಸರು ಹೇಳಬೇಕಾಗಿಲ್ಲ.